ಸ್ಕ್ಯಾನ್ ಮುಗಿಯುವ ತನಕ ಬಿಲ್ ಇಲ್ಲ

ಕೇಳುಗರಿಗೆ ನಮಸ್ಕಾರ. ಬೆಳಿಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಹಾಕಿದರೆ ಮುಕ್ಕಾಲು ಗಂಟೆಯಾದರೂ ಬಿಲ್ ಹೊಡೆಯಲು ಬಿಡುವುದಿಲ್ಲ ಎಂಬ ದೂರು ಉಡುಪಿಯ ರಥಬೀದಿಯಲ್ಲೂ ಇದೆ, ಮಂಗಳೂರಿನ ಹಂಪನಕಟ್ಟೆಯಲ್ಲೂ ಇದೆ. ಬೈಸಿಕೊಳ್ಳುವುದು ಆ್ಯಂಟಿವೈರಸ್. ಅದನ್ನು ಕಿತ್ತುಹಾಕುವ ಮೊದಲು ಹಾರ್ಡ್ ಡಿಸ್ಕನ್ನು ಹಿಡಿದುಕೊಂಡಿರುವುದು ಯಾರೆಂದು ನೋಡಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಡಿಸ್ಕ್ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಕೆಲಸ ಕೊಡುವವರು ಮೇಲಕ್ಕೆ ಬರುತ್ತಾರೆ. ವಿಂಡೋಸ್‌ನದೇ ಡಿಫೆಂಡರ್ ಇಲ್ಲಿ 'ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟೆಬಲ್' ಎಂಬ ಉದ್ದ ಹೆಸರಿನಲ್ಲಿ ಕೂತಿರುತ್ತದೆ. ಯಾವ ಫೈಲನ್ನು ಓದುತ್ತಿದೆ ಎಂದು ತಿಳಿಯಬೇಕಾದರೆ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಪುಟ ನೋಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ದಿನಾ ಮಾಡಿಟ್ಟ ಜಿಪ್ ಬ್ಯಾಕಪ್‌ಗಳ ಹೆಸರು ಒಂದರ ಹಿಂದೆ ಒಂದು ಓಡುತ್ತಿದ್ದರೆ ಕಾರಣ ಸಿಕ್ಕಿತು. ಪ್ರತಿ ಜಿಪ್ಪನ್ನೂ ಬಿಚ್ಚಿ ನೋಡುವುದು ಹಳೆಯ ಪ್ರೊಸೆಸರಿಗೆ ದೊಡ್ಡ ಕೆಲಸ. ಆ ಒಂದು ಬ್ಯಾಕಪ್ ಫೋಲ್ಡರನ್ನು ಮಾತ್ರ ಎಕ್ಸ್‌ಕ್ಲೂಷನ್‌ಗೆ, ಅಂದರೆ ಆ್ಯಂಟಿವೈರಸ್ ನೋಡದೆ ಬಿಡಬೇಕಾದವುಗಳ ಪಟ್ಟಿಗೆ, ಸೇರಿಸಿ. ಡೌನ್‌ಲೋಡ್ಸ್ ಫೋಲ್ಡರನ್ನಾಗಲೀ ಇಡೀ ಸಿ ಡ್ರೈವನ್ನಾಗಲೀ ಸೇರಿಸಿದರೆ ಆ್ಯಂಟಿವೈರಸ್ ಇದ್ದೂ ಇಲ್ಲದ ಹಾಗೆ.

ಇನ್ನು ಸ್ಕ್ಯಾನಿನ ಹೊತ್ತು. ಹಲವು ಆ್ಯಂಟಿವೈರಸ್‌ಗಳಲ್ಲಿ ಪೂರ್ತಿ ಸ್ಕ್ಯಾನ್ ನಡುರಾತ್ರಿಗೆ ನಿಗದಿಯಾಗಿರುತ್ತದೆ. ರಾತ್ರಿ ನಾವು ಮೇನ್ ಸ್ವಿಚ್ಚೇ ಆರಿಸಿ ಮನೆಗೆ ಹೋಗುವವರು. ತಪ್ಪಿಹೋದ ಸ್ಕ್ಯಾನನ್ನು ಅದು ಬೆಳಿಗ್ಗೆ, ಗಿರಾಕಿ ಎದುರಿಗಿರುವಾಗ ಶುರು ಮಾಡುತ್ತದೆ. ಸೆಟ್ಟಿಂಗ್‌ನಲ್ಲಿ ಸಮಯವನ್ನು ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವ ಹೊತ್ತಿಗೆ, ಅದೂ ವಾರಕ್ಕೊಮ್ಮೆ ಎಂದು ಬದಲಿಸಿ. ಎಷ್ಟೋ ಅಂಗಡಿಗೆ ಇಷ್ಟೇ ಸಾಕು ಮಾರಾಯ್ರೆ.

ಹೆಚ್ಚು ತಲೆನೋವಿನ ಸಂಗತಿ ಒಂದೇ ಯಂತ್ರದಲ್ಲಿ ಎರಡು ಆ್ಯಂಟಿವೈರಸ್ ಇರುವುದು. ಕಳೆದ ವರ್ಷದ್ದರ ಅವಧಿ ಮುಗಿದಿದೆ, ತೆಗೆದಿಲ್ಲ. ಮೇಲಿಂದ ಹೊಸದು ಹಾಕಿದ್ದಾರೆ. ಒಂದು ಫೈಲನ್ನು ತೆರೆದು ನೋಡಿದರೆ, ಫೈಲ್ ತೆರೆಯಿತೆಂದು ಇನ್ನೊಂದು ಅದನ್ನೇ ಮತ್ತೆ ನೋಡುತ್ತದೆ. ಎರಡನ್ನೂ ತೆಗೆಯಿರಿ. ಆಯಾ ಕಂಪನಿಯ ರಿಮೂವಲ್ ಟೂಲನ್ನು ಮೊದಲೇ ಇಳಿಸಿಕೊಂಡು, ನೆಟ್ ಕಳಚಿ, ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಟೂಲ್ ಓಡಿಸಿ ರೀಸ್ಟಾರ್ಟ್ ಮಾಡಿ. ಬರೇ ಅನ್‌ಇನ್‌ಸ್ಟಾಲ್ ಮಾಡಿದರೆ ಅದರ ಡ್ರೈವರ್‌ಗಳು, ಅಂದರೆ ವಿಂಡೋಸ್‌ನ ಒಳಗೆ ಕೂತು ಕೆಲಸ ಮಾಡುವ ತುಣುಕುಗಳು, ಉಳಿದುಬಿಡಬಹುದು. ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಚಾಲೂ ಆಗಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ನೆಟ್ ಜೋಡಿಸಿ. ಸಣ್ಣ ಅಂಗಡಿಗೆ ಡಿಫೆಂಡರ್ ಒಂದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಇಷ್ಟಾದರೂ ಡಿಸ್ಕ್ 100 ಪ್ರತಿಶತದಲ್ಲೇ ನಿಂತಿದ್ದರೆ ತಪ್ಪು ಆ್ಯಂಟಿವೈರಸ್‌ನದಲ್ಲ. ತಿರುಗುವ ಹಾರ್ಡ್ ಡಿಸ್ಕ್ ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಓದೀತು. ತಿರುಗುವ ಭಾಗವಿಲ್ಲದ, ಚಿಪ್‌ನಲ್ಲಿ ಬರೆದಿಡುವ ಎಸ್‌ಎಸ್‌ಡಿ ಸಾವಿರಾರು ಓದುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, 240 ಜಿಬಿಯದ್ದು, ಸಾಕಾಗುತ್ತದೆ. ಕೆಲಸದ ಹೊತ್ತಿನ ನೆನಪಾದ ರ್‍ಯಾಮ್ 4 ಜಿಬಿ ಮಾತ್ರ ಇದ್ದರೆ 8 ಮಾಡಿಸಿ. ರ್‍ಯಾಮ್ ಸಾಲದಾದಾಗ ವಿಂಡೋಸ್ ಅದೇ ಡಿಸ್ಕಿಗೆ ಬರೆದು ಓದಿ ಮಾಡುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ರ್‍ಯಾಮ್ ಕೊಳ್ಳುವಾಗ ಅದರ ಬಗೆ ಡಿಡಿಆರ್3 ಹೌದೋ ಡಿಡಿಆರ್3ಎಲ್ ಹೌದೋ ಕೇಳಿ. ಎಲ್ ಇದ್ದದ್ದು 1.35 ವೋಲ್ಟಿನದು, ಇಲ್ಲದ್ದು 1.5 ವೋಲ್ಟಿನದು; ಕೆಲವು ಲ್ಯಾಪ್‌ಟಾಪ್‌ಗಳು ಎಲ್ ಅನ್ನು ಮಾತ್ರ ಒಪ್ಪುತ್ತವೆ.

ಫ್ಯಾನನ್ನೂ ಮರೆಯಬೇಡಿ. ನಮ್ಮ ಕರಾವಳಿಯ ತೇವಕ್ಕೆ ಧೂಳು ರೆಕ್ಕೆಗೆ ಅಂಟಿ ಗಟ್ಟಿಯಾಗುತ್ತದೆ. ಸ್ಕ್ಯಾನ್ ನಡೆಯುವಾಗ ಪ್ರೊಸೆಸರ್ ಬಿಸಿಯೇರಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಬೇಸ್ ಸ್ಪೀಡ್ 2.4 ಗಿಗಾಹರ್ಟ್ಸ್ ಎಂದಿದ್ದು, ಸ್ಕ್ಯಾನಿನ ನಡುವೆ ವೇಗ 1ರ ಕೆಳಗೆ ಬಿದ್ದರೆ ಬಿಸಿಯೇ ಕಾರಣವಿರಬಹುದು. ಫ್ಯಾನ್ ಬಿಚ್ಚಿ ಒರೆಸಿ, ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಹೊಸದು ಹಾಕಿಸಿ.

ಕೊನೆಗೊಂದು ತಾರೀಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆಂದು ಕಂಪನಿ ಹೇಳಿದೆ, ಆದರೆ ಆ ಪಟ್ಟಿ ವಿಂಡೋಸ್‌ನ ಒಳಗಿನ ತೂತುಗಳನ್ನು ಮುಚ್ಚುವುದಿಲ್ಲ. ಅಂಥ ಯಂತ್ರದಲ್ಲಿ ಬಿಲ್ ಹೊಡೆಯಿರಿ. ಬ್ಯಾಂಕ್ ವ್ಯವಹಾರಕ್ಕೆ ಬೇರೆ ಯಂತ್ರ ಇಟ್ಟುಕೊಳ್ಳಿ. ನಮಸ್ಕಾರ.