ಮಹಡಿ ಮೇಲಿನ ಡ್ರಾಯಿಂಗ್ ಕ್ಲಾಸು ಯಾಕೆ ಮುಚ್ಚಿತು?

ನಮಸ್ಕಾರ. ಹೋದ ವಾರ ಹಾಸನದಲ್ಲಿ ಸಂತೇಪೇಟೆ ಕಡೆ ಹೋಗಿದ್ದೆ. ನಾನು ಚಿತ್ರ ಬರೆಯೋದು ಕಲಿತ ಮಹಡಿ ಮನೆ ಈಗ ಟ್ಯೂಷನ್ ಸೆಂಟರ್ ಆಗಿದೆ. ಜೊತೆಗಿದ್ದ ಗೆಳೆಯ, "ಮೊಬೈಲ್ ಬಂದು ಎಲ್ಲಾ ಹಾಳಾಯ್ತು ಬಿಡೋ" ಅಂದ. ನನಗೆ ಈ ಮಾತು ಒಪ್ಪಿಗೆ ಇಲ್ಲ.

ಆ ಶಾಲೆ ಅಂದರೆ ಎರಡು ಬಾಡಿಗೆ ಕೋಣೆ, ಹತ್ತು ಹನ್ನೆರಡು ಸ್ಟೂಲು. ಮೇಷ್ಟ್ರು ಒಬ್ಬರೇ. ಪ್ರಿನ್ಸಿಪಾಲರೂ ಅವರೇ, ಗುಮಾಸ್ತರೂ ಅವರೇ, ಬೆಳಿಗ್ಗೆ ಕಸ ಗುಡಿಸುವವರೂ ಅವರೇ. ಮೆಂಡರ್ ತರುವಂತಿರಲಿಲ್ಲ. ಪೆನ್ಸಿಲ್ಲನ್ನು ಬ್ಲೇಡಿನಲ್ಲೇ ಹೆರೆಯಬೇಕಿತ್ತು.

ಒಂದು ಸಲ ಮಣ್ಣಿನ ಮಡಕೆ, ತಾಮ್ರದ ಚೊಂಬು, ಎರಡು ಬದನೆಕಾಯಿ ಇಟ್ಟು ಬರೆಯಿರಿ ಅಂದರು. ಮೂರು ದಿನದ ಕೆಲಸ. ಮೊದಲ ದಿನ ಫಳಫಳ ಅನ್ನುತ್ತಿದ್ದ ಬದನೆಕಾಯಿ ಮೂರನೇ ದಿನಕ್ಕೆ ಸುಕ್ಕಾಯಿತು. ತೊಟ್ಟು ಒಣಗಿ ಬಾಗಿತು. ನಾನು ಜಾಣತನ ಮಾಡಿ ಮೊದಲ ದಿನದ ಹೊಳಪನ್ನೇ ತುಂಬಿದೆ. ಮೇಷ್ಟ್ರು ಹಿಂದೆ ಬಂದು ನಿಂತರು. "ಇದೆಲ್ಲೈತೋ? ಕಣ್ಮುಂದೆ ಇರೋದು ಬರಿಯೋ" ಅಂದರು. ಅಷ್ಟೇ. ನೋಡೋದು ಅಂದರೇನು ಅಂತ ನನಗೆ ಗೊತ್ತಾಗಿದ್ದು ಅವತ್ತು.

ಅವರನ್ನು ದೇವರು ಮಾಡುತ್ತಿಲ್ಲ. ನಾವೇ ಏನಾದರೂ ಕಲ್ಪಿಸಿಕೊಂಡು ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಪರೀಕ್ಷೆಯಲ್ಲಿ ಬರುವುದನ್ನೇ ತಿದ್ದಿ ತಿದ್ದಿ ಬರೆಸುತ್ತಿದ್ದರು.

ಇಂಥ ಶಾಲೆಗಳು ನಮ್ಮಲ್ಲಿ ಹೊಸದೇನಲ್ಲ. ಎ.ಎನ್. ಸುಬ್ಬರಾಯರು ಬೆಂಗಳೂರಿನಲ್ಲಿ ಕಲಾಮಂದಿರ ಶುರು ಮಾಡಿದ್ದು 1919ರಲ್ಲಿ. ಧಾರವಾಡದಲ್ಲಿ ಹಾಲಭಾವಿಯವರ ಶಾಲೆ ಬಂತು. 1960ರ ದಶಕದಲ್ಲಿ ಬಾದಾಮಿಯ ಆರ್.ಎಂ. ಹಡಪದ್ ಬೆಂಗಳೂರಿಗೆ ಬಂದು ಕೆನ್ ಕಲಾಶಾಲೆ ಕಟ್ಟಿದರು. ಮೈಸೂರಿನವರಿಗೆ ಅರಮನೆಯ ಆಸರೆ ಇತ್ತು. ಉಳಿದ ಕಡೆ ಒಬ್ಬೊಬ್ಬ ಮೇಷ್ಟ್ರ ಹಟ ಇತ್ತು, ಅಷ್ಟೇ.

ಆದರೆ ಹಟದಿಂದ ಬಾಡಿಗೆ ಕಟ್ಟೋಕಾಗಲ್ಲ, ಅಲ್ವಾ? ಆಲೂರು, ಅರಕಲಗೂಡು ಕಡೆಯ ರೈತರು ಮಕ್ಕಳನ್ನು ಆ ಮಹಡಿಗೆ ಕಳಿಸಿದ್ದು ಕಲೆಯ ಮೇಲಿನ ಪ್ರೀತಿಗಲ್ಲ. ಲೋಯರ್, ಹೈಯರ್ ಅನ್ನೋ ಡ್ರಾಯಿಂಗ್ ಪರೀಕ್ಷೆ ಪಾಸ್ ಮಾಡಿ, ಮುಂದೆ ಡಿಪ್ಲೊಮಾ ಮುಗಿಸಿದರೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಗುತ್ತೆ ಅನ್ನುವ ಲೆಕ್ಕ. ಅದು ಸಿಗದಿದ್ದರೂ ಬೋರ್ಡ್ ಬರೆದು ಹೊಟ್ಟೆ ಹೊರೆಯಬಹುದಿತ್ತು. ಅಂಗಡಿ ಬೋರ್ಡು, ನಾಟಕದ ಪರದೆ, ಲಾರಿ ಹಿಂದಿನ ನವಿಲು, ಎಲ್ಲಾ ಎನಾಮೆಲ್ ಪೇಂಟಲ್ಲಿ. ಮೂಲೆಯಲ್ಲಿ ಸಣ್ಣಗೆ ಬರೆದವನ ಹೆಸರು.

ಆಮೇಲೆ ಫ್ಲೆಕ್ಸ್ ಬಂತು. ಬೋರ್ಡ್ ಕೆಲಸ ಹೋಯಿತು. ಆ ಕಡೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರು ನಿವೃತ್ತರಾದರು, ಅವರ ಜಾಗ ಖಾಲಿಯೇ ಉಳಿಯಿತು. ಸರ್ಟಿಫಿಕೇಟ್ ಹಿಡಿದು ಬಂದ ಹುಡುಗನಿಗೆ ಎರಡೂ ಬಾಗಿಲು ಮುಚ್ಚಿದ್ದವು. ಮೇಷ್ಟ್ರ ಸ್ಟೂಲುಗಳು ಖಾಲಿಯಾಗಿದ್ದು ಹೀಗೆ. ಅದಕ್ಕೇ ಸುಮ್ನೆ ಮೊಬೈಲನ್ನು ಬೈಯಬೇಡಿ ಅನ್ನೋದು ನಾನು.

2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಮಗೆಲ್ಲ ಎಷ್ಟು ಹೆಮ್ಮೆ! ಬೇಲೂರಲ್ಲಿ ವಿಗ್ರಹಗಳ ಕೆಳಗೆ ಬಗ್ಗಿ ನೋಡಿ. ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ಉಳಿ ಹಿಡಿದರೆ ಊಟಕ್ಕೆ ದಾರಿಯಿತ್ತು, ಅಪ್ಪನ ಕಸುಬು ಮಗನಿಗೂ ಬಂತು. ನಮ್ಮ ಮೇಷ್ಟ್ರ ಮಗ ಬ್ರಷ್ ಹಿಡಿಯಲಿಲ್ಲ. ಬೇಡ ಅಂದವರು ಮೇಷ್ಟ್ರೇ.

ಆ ಶಾಲೆಯ ಹಾಜರಿ ಪುಸ್ತಕ ಎಲ್ಲಿ ಹೋಯಿತೋ. ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಇರೋದು ಇದೊಂದೇ, ಕ್ಯಾಮೆರಾಗೆ ಸ್ವಲ್ಪ ಹತ್ತಿರ ಹಿಡಿಯುತ್ತೇನೆ. ಅದೇ ಬದನೆಕಾಯಿ. ಹೊಳಪು ಉಜ್ಜಿ ಅಳಿಸಿದ ಕಡೆ ಕಾಗದ ತೆಳ್ಳಗಾಗಿದೆ, ಮೇಲೆ ಸುಕ್ಕಿನ ಗೆರೆಗಳಿವೆ. ಪಕ್ಕದಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಹತ್ತಕ್ಕೆ ಆರು. ನಿಮ್ಮ ಮನೆ ಅಟ್ಟದಲ್ಲೂ ಆ ಕೆಂಪು ಅಂಕಿ ಇರುವ ಹಾಳೆ ಇದ್ದರೆ ದಯವಿಟ್ಟು ಎಸೆಯಬೇಡಿ, ನನಗೆ ತೋರಿಸಿ.