ಯಾರು? ಯಾರನ್ನು?

ಕೇಳುಗರಿಗೆ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ 31 ವರ್ಷ ಬೇರೆಯವರು ಬರೆದದ್ದನ್ನು ತಿದ್ದಿದವನು. ಈಗ ಧಾರವಾಡದಲ್ಲಿ ಮನೆಯಲ್ಲೇ ಕೂತು ವ್ಯಾಕರಣದ ಬಗ್ಗೆ ಪುಟ್ಟ ಲೇಖನ ಬರೆಯುತ್ತೇನೆ. ‘ಆ ಕೆಲಸಕ್ಕ ಏನ್ ಓದಿರಬೇಕ್ರೀ?’ ಅಂತ ಹುಡುಗರು ಕೇಳುತ್ತಾರೆ. ಎರಡು ಪ್ರಶ್ನೆ ಕೇಳಲು ಬಂದರೆ ಸಾಕು. ಯಾರು? ಯಾರನ್ನು?

ನಾನು ಸೇರಿದಾಗ ಅಚ್ಚುಮೊಳೆಯ ಕಾಲ. ಕಂಪೋಜಿಟರು ಒಂದೊಂದೇ ಮೊಳೆ ಜೋಡಿಸಿ, ಮಸಿ ಬಳಿದು, ಉದ್ದನೆಯ ಕಾಗದದ ಮೇಲೆ ಕರಡು ತೆಗೆದು ಕೊಡುತ್ತಿದ್ದರು. ಹಸಿ ಮಸಿ ಅಂಗಿ ತೋಳಿಗೆ ಹತ್ತುತ್ತಿತ್ತು. ಒಂದು ಪದ ಸೇರಿಸಿದರೆ ಇಡೀ ಸಾಲು ಬಿಚ್ಚಬೇಕು. ಅವರ ಸಿಟ್ಟೆಲ್ಲ ನನ್ನ ಕೆಂಪು ಪೆನ್ನಿನ ಮೇಲೆ.

ಒಂದು ದೀಪಾವಳಿ. ಹಾವೇರಿ ಕಡೆಯ ಹೋರಿ ಹಬ್ಬ ನಿಮಗೆ ಗೊತ್ತೇ ಇದೆ. ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಓಡಿಸುತ್ತಾರೆ, ಹುಡುಗರು ಬೆನ್ನುಹತ್ತಿ ಹಿಡಿದು ಕೊಬ್ಬರಿ ಹರಿಯುತ್ತಾರೆ. ಅಲ್ಲಿಂದ ಒಂದು ಫೋಟೊ ಬಂತು. ಅಡಿಯಲ್ಲಿ ವರದಿಗಾರ ಬರೆದಿದ್ದ: ‘ಹೋರಿಯನ್ನು ಕೆಡವಿದ ಯುವಕ’. ಸಾಲು ಉದ್ದವಾಯಿತು. ನಾನು ‘ಯನ್ನು’ ಹೊಡೆದುಹಾಕಿದೆ. ‘ಹೋರಿ ಕೆಡವಿದ ಯುವಕ’ ಅಂತ ಅಚ್ಚಾಯಿತು. ಫೋಟೊದಲ್ಲೋ ಅವನೂ ಹೋರಿಯೂ ದೂಳಿನಲ್ಲಿ ಒಂದೇ ರಾಶಿ!

ಪತ್ರಿಕೆ ಹೊರಬಿದ್ದ ಮೂರನೇ ದಿನ ಆ ಹುಡುಗ ಬಸ್ಸು ಹತ್ತಿ ಕಚೇರಿಗೇ ಬಂದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ. ‘ಸಾಹೇಬ್ರ, ಹೋರಿ ನನ್ನ ಕೆಡವಿಲ್ರೀ. ನಾ ಹೋರಿ ಕೆಡವೀನ್ರೀ!’ ಊರಲ್ಲಿ ಓದಿದವರೆಲ್ಲ ಬಿದ್ದವನು ಅವನೇ ಅಂದುಕೊಂಡಿದ್ದರು. ಹೆಣ್ಣು ಕೊಡಬೇಕೆಂದಿದ್ದ ಮನೆಯವರು ಕಾಲು ನೆಟ್ಟಗಿದೆಯಾ ಅಂತ ನೋಡಿಕೊಂಡು ಹೋದರಂತೆ. ನನಗೆ ಬಾಯಿ ಬರಲಿಲ್ಲ. ಚಹಾ ತರಿಸಿದೆ.

ಅವನು ಹೋದಮೇಲೆ ಹೊಳೆಯಿತು. ‘ನಾ ಹೋರಿ ಕೆಡವೀನಿ’ ಅನ್ನುವಾಗ ಅವನೂ ‘ಅನ್ನು’ ಬಿಟ್ಟಿದ್ದ, ಅಲ್ವಾ? ಆದರೂ ಗೊಂದಲವಿಲ್ಲ. ‘ಕೆಡವೀನಿ’ ಅನ್ನುವುದರ ಬಾಲದಲ್ಲೇ ‘ನಾನು’ ಇದೆ. ‘ಕೆಡವಿದ’ ಅನ್ನುವುದಕ್ಕೆ ಆ ಬಾಲವಿಲ್ಲ. ಕೆಡವಿದ ಹುಡುಗ, ಕೆಡವಿದ ಹುಡುಗಿ, ಕೆಡವಿದ ಹೋರಿ, ಎಲ್ಲಕ್ಕೂ ಒಂದೇ ರೂಪ. ಯಾರು, ಯಾರನ್ನು ಅಂತ ಹೇಳಲು ಅಲ್ಲಿ ಉಳಿದಿದ್ದು ‘ಅನ್ನು’ ಒಂದೇ. ಅದನ್ನೇ ನಾನು ಹೊಡೆದಿದ್ದೆ! ಶಾಲೆಯಲ್ಲಿ ದ್ವಿತೀಯಾ ವಿಭಕ್ತಿ ಅಂತ ಬಾಯಿಪಾಠ ಮಾಡಿಸಿದ್ದರು. ಯಾಕೆ ಬೇಕು ಅಂತ ಯಾರೂ ಹೇಳಿರಲಿಲ್ಲ. ಮುಂದಿನ ಸಂಚಿಕೆಗೆ ತಿದ್ದುಪಡಿಯ ಜೊತೆ ಅರ್ಧ ಪುಟ ಇದನ್ನೇ ಬರೆದೆ. ಓದುಗರಿಂದ ಕಾರ್ಡುಗಳು ಬಂದವು. ನಾನು ವ್ಯಾಕರಣ ಬರೆಯತೊಡಗಿದ್ದು ಹೀಗೆ.

1894ರ ಕಿಟೆಲ್ ನಿಘಂಟಿನ ಬಗ್ಗೆ, ಹುಬ್ಬಳ್ಳಿಯ ‘ಕಸ್ತೂರಿ’ ಮಾಸಪತ್ರಿಕೆಯಲ್ಲಿ ಪದಗಳ ಬೇರು ಹುಡುಕಿದ ಪಾ.ವೆಂ. ಆಚಾರ್ಯರ ಬಗ್ಗೆ ಹೇಳಬೇಕೆಂದಿದ್ದೆ. ಹೋರಿಯೇ ವೇಳೆ ತಿಂದುಬಿಟ್ಟಿತು. ಕೋಟ್ಯಾಧಿಪತಿ ಅಲ್ಲ, ಕೋಟ್ಯಧಿಪತಿ. ಇಂಥದನ್ನು ನಿಘಂಟು ಹಿಡಿದು ಯಾರು ಬೇಕಾದರೂ ತಿದ್ದಬಹುದು, ಅದಕ್ಕೇ ಜಾಸ್ತಿ ಜಂಬಪಡುವವರನ್ನು ಕಂಡರೆ ನನಗೆ ಸ್ವಲ್ಪ ಬೇಜಾರು. ‘ಹೋರಿ ಕೆಡವಿದ ಯುವಕ’ದಲ್ಲಿ ಒಂದಾದರೂ ಕಾಗುಣಿತ ತಪ್ಪಿದೆಯೇ?

ನಾಳೆ ಪೇಪರು ಬಂದಾಗ ಒಂದು ತಲೆಬರಹ ಆರಿಸಿ, ಜೋರಾಗಿ ಓದಿ. ಯಾರು? ಯಾರನ್ನು? ಉತ್ತರ ಸಿಗದಿದ್ದರೆ ಸುಮ್ನೆ ಇರಬೇಡಿ, ಸಂಪಾದಕರಿಗೆ ಒಂದು ಕಾರ್ಡು ಹಾಕಿ. ನಮಸ್ಕಾರ.