ನಿದ್ದೆಗೆ ಅಂಕ ಕೊಡುವ ಗಡಿಯಾರ

ಪರದೆಯ ಮೇಲೆ 82 ಎಂದು ಕಾಣುತ್ತಿದೆಯಲ್ಲ, ಅದು ನನ್ನ ನಿನ್ನೆ ರಾತ್ರಿಯ ನಿದ್ದೆಗೆ ಈ ಸ್ಮಾರ್ಟ್ ವಾಚ್ ಕೊಟ್ಟಿರುವ ಅಂಕ. ನಿಜವಾಗಿ ನಡೆದದ್ದೇನೆಂದರೆ, ಹನ್ನೆರಡರಿಂದ ಒಂದೂವರೆಯವರೆಗೆ ನಾನು ಮಗ್ಗುಲು ಕೂಡ ಬದಲಿಸದೆ, ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದ್ದೆ; ಆ ಒಂದೂವರೆ ಗಂಟೆಯನ್ನೂ ಈ ಮಹಾಶಯ ನಿದ್ದೆಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾನೆ. ನಿದ್ರಾ ಪ್ರಯೋಗಾಲಯದಲ್ಲಾದರೆ ತಲೆಗೆ ತಂತಿಗಳನ್ನು ಅಂಟಿಸಿ ಮಿದುಳಿನ ಅಲೆಗಳನ್ನು, ಕಣ್ಣುಗುಡ್ಡೆಯ ಚಲನೆಯನ್ನು ದಾಖಲಿಸುತ್ತಾರೆ. ವಾಚಿಗೆ ಸಿಗುವುದು ಮುಖ್ಯವಾಗಿ ಮಣಿಕಟ್ಟಿನ ಅಲುಗಾಟ ಮತ್ತು ನಾಡಿಬಡಿತ. ಮಿಸುಕಾಡದವನು ಅದರ ಪಾಲಿಗೆ ನಿದ್ರಿಸುತ್ತಿರುವವನೇ. ಕಳೆದ ವಾರ ಇದಕ್ಕೆ ತದ್ವಿರುದ್ಧವಾಗಿ, ಗಾಢವಾಗಿ ಮಲಗಿ ಎದ್ದವನಿಗೆ 61 ಕೊಟ್ಟಿತು. ನಾನೂ ಅದನ್ನು ನಂಬಿ ದಿನವಿಡೀ ಆಕಳಿಸಿದೆ. ಅಂಕದ ಚಿಂತೆಯೇ ನಿದ್ದೆಗೆಡಿಸುವ ಈ ಪಾಡಿಗೆ 2017ರಲ್ಲಿ ಸಂಶೋಧಕರು ಆರ್ಥೋಸೋಮ್ನಿಯಾ ಎಂಬ ಹೆಸರನ್ನೇ ಇಟ್ಟರು. ಈ ವಸ್ತುವನ್ನು ಎಸೆಯಬೇಕೆಂದು ನಿರ್ಧರಿಸಿಯೇ ಕ್ಯಾಮೆರಾ ತೆರೆದದ್ದು.

ಆದರೆ ಎಸೆಯಲು ಮನಸ್ಸು ಬರುತ್ತಿಲ್ಲ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 164 ಮಂದಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಾಣುವಿನ ಹನಿ ಹಾಕಿ ಕಾದು ನೋಡಿದರು. ಆರು ಗಂಟೆಗಿಂತ ಕಡಿಮೆ ನಿದ್ರಿಸುತ್ತಿದ್ದವರಿಗೆ ನೆಗಡಿ ಹಿಡಿಯುವ ಸಂಭವ, ಏಳು ಗಂಟೆ ಮೀರಿ ನಿದ್ರಿಸುತ್ತಿದ್ದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಅವರ ನಿದ್ದೆಯನ್ನು ಅಳೆದದ್ದು, ನಾನು ಇಷ್ಟು ಹೊತ್ತು ಬೈದ ಬಗೆಯದೇ ಆದ, ಮಣಿಕಟ್ಟಿಗೆ ಕಟ್ಟುವ ಸಾಧನದಿಂದ! ವ್ಯತ್ಯಾಸವೆಂದರೆ, ಅವರು ಒಂದು ರಾತ್ರಿಯ ಅಂಕಕ್ಕೆ ಬೆರಗಾಗದೆ ಏಳು ರಾತ್ರಿಗಳ ಸರಾಸರಿ ನೋಡಿದರು.

ದೀರ್ಘಕಾಲದ ಕಾಯಿಲೆ ಬೇರೆ, ಅಂಟುರೋಗ ಬೇರೆ, ನಿದ್ದೆಯಂತೂ ಕಾಯಿಲೆಯೇ ಅಲ್ಲ ಎಂಬ ನಮ್ಮ ವಿಂಗಡಣೆಯನ್ನು ದೇಹ ಒಪ್ಪುವುದಿಲ್ಲ. ಕೆಲವೇ ರಾತ್ರಿ ನಿದ್ದೆಯನ್ನು ಕಡಿತಗೊಳಿಸಿದರೂ ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ಕುಗ್ಗುತ್ತದೆ. ಸಕ್ಕರೆ ಕಾಯಿಲೆಯಿದ್ದವರಿಗೆ ಕ್ಷಯ ತಗಲುವ ಅಪಾಯ ಎರಡು ಮೂರು ಪಟ್ಟು ಹೆಚ್ಚು. ಆ ಕ್ಷಯವಾದರೂ ಹಳೆಯ ಕಾಲದ್ದಲ್ಲ: 2023ರಲ್ಲಿ ಜಗತ್ತಿನಾದ್ಯಂತ ಸುಮಾರು 1.08 ಕೋಟಿ ಜನರಿಗೆ ಬಂದಿತು. ಅಮೆರಿಕದ ಹೃದಯ ಸಂಘವು 2022ರಲ್ಲಿ ಹೃದಯದ ಆರೋಗ್ಯ ಅಳೆಯುವ ತನ್ನ ಏಳು ಅಂಶಗಳಿಗೆ ನಿದ್ದೆಯನ್ನು ಎಂಟನೆಯದಾಗಿ ಸೇರಿಸಿತು; ಇಷ್ಟು ತಡವೇಕಾಯಿತೆಂಬುದೇ ನನಗೆ ಆಶ್ಚರ್ಯ.

ಅಷ್ಟರಲ್ಲಿ ವಾಚ್ ಪೂರ್ತಿ ಚಾರ್ಜ್ ಆಯಿತು, ಈ ದೃಶ್ಯವೂ ಮುಗಿಯುತ್ತಿದೆ. ಸೆಟ್ಟಿಂಗ್‌ನಲ್ಲಿ ಬೆಳಗಿನ ಅಂಕವನ್ನು ಮರೆಮಾಡಿದ್ದೇನೆ, ವಾರದ ಸರಾಸರಿಯನ್ನಷ್ಟೇ ಉಳಿಸಿಕೊಂಡಿದ್ದೇನೆ. ಅದು ಈಗ ಆರು ಗಂಟೆ ಹತ್ತು ನಿಮಿಷ ತೋರಿಸುತ್ತಿದೆ, ಅದರಲ್ಲಿ ನಾನು ಎಚ್ಚರವಿದ್ದ ಆ ಒಂದೂವರೆ ಗಂಟೆಯೂ ಸೇರಿದೆ.